ಕಾರ್ಡಿನಲ್ಲಿ ಓ ಪಾಸಿಟಿವ್, ಆದರೆ ಓ ರಕ್ತವೇ ಹೊಂದುವುದಿಲ್ಲ: ಬಾಂಬೆ ಗ್ರೂಪ್ ಮತ್ತು ಬ್ಲಡ್ ಗ್ರೂಪ್ ಬಗ್ಗೆ ನಮ್ಮ ಉಳಿದ ಪ್ರಶ್ನೆಗಳು

ತುಮಕೂರು ಡೋನರ್

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ರಕ್ತದಾನ ಶಿಬಿರ ನಡೆದಾಗ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಗ್ರೂಪ್ ಯಾವುದು ಅಂತ ಕೇಳಿದರೆ ಜನ ಅದರ ಜೊತೆಗೇ ಒಂದು ಅನುಮಾನವನ್ನೂ ಮುಂದಿಡುತ್ತಾರೆ. ಓ ಗ್ರೂಪಿನವರಿಗೆ ಸೊಳ್ಳೆ ಜಾಸ್ತಿ ಕಚ್ಚುತ್ತಂತೆ, ನಿಜವಾ? ಎ ಗ್ರೂಪಿನವರು ಮಾಂಸ ಬಿಡಬೇಕಂತೆ, ಹೌದಾ? ಗಂಡ ಹೆಂಡತಿಗೆ ಒಂದೇ ಗ್ರೂಪ್ ಇದ್ದರೆ ಮಕ್ಕಳಿಗೆ ತೊಂದರೆಯಂತೆ? ಇವಕ್ಕೆಲ್ಲ ಒಂದೇ ಕಡೆ ಉತ್ತರ ಸಿಗಲಿ ಅಂತ ಈ ಚರ್ಚೆ ಶುರು ಮಾಡಿದ್ದೇನೆ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ನಾನು ಮಾತ್ರ ಯಾರೂ ಕೇಳದ ವಿಷಯದಿಂದ ಶುರು ಮಾಡುತ್ತೇನೆ. ಬಾಂಬೆ ಗ್ರೂಪ್.

1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಅವರ ಜೊತೆಗಾರರು ಬಾಂಬೆಯಲ್ಲಿ ಹೊಸ ತರಹದ ರಕ್ತವೊಂದನ್ನು ಕಂಡರು. ಮಾಮೂಲಿ ಪರೀಕ್ಷೆಯಲ್ಲಿ ಅದು ಓ ಅಂತಲೇ ಕಾಣುತ್ತಿತ್ತು. ಆದರೆ ಓ ರಕ್ತ ಅದಕ್ಕೆ ಹೊಂದುತ್ತಿರಲಿಲ್ಲ. ಎ ಹೊಂದುತ್ತಿರಲಿಲ್ಲ, ಬಿ ಹೊಂದುತ್ತಿರಲಿಲ್ಲ, ಯಾವುದೂ ಹೊಂದುತ್ತಿರಲಿಲ್ಲ. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ವರದಿ ಬಂತು. ಸಿಕ್ಕ ಊರಿನ ಹೆಸರೇ ಆ ರಕ್ತಕ್ಕೆ ಉಳಿದುಕೊಂಡಿತು.

ಯಾಕೆ ಹೀಗೆ? ನಮ್ಮ ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಅಣುಗಳ ಸಣ್ಣ ಸಣ್ಣ ಸರಗಳಿರುತ್ತವೆ. ಆ ಸರದ ತುದಿಗೆ ಫ್ಯೂಕೋಸ್ ಅನ್ನುವ ಸಕ್ಕರೆ ಸೇರಿದರೆ ಅದನ್ನು ಎಚ್ ಅನ್ನುತ್ತಾರೆ. ಎಚ್ ಮೇಲೆ ಒಂದು ಬಗೆಯ ಸಕ್ಕರೆ ಕೂತರೆ ನೀವು ಎ. ಇನ್ನೊಂದು ಬಗೆ ಕೂತರೆ ಬಿ. ಎರಡೂ ಇದ್ದರೆ ಎಬಿ. ಯಾವುದೂ ಕೂರದೆ ಎಚ್ ಹಾಗೇ ಉಳಿದರೆ ಓ. ಅಂದರೆ ಓ ಗ್ರೂಪಿನವರ ರಕ್ತಕಣ ಖಾಲಿ ಅಲ್ಲ. ಎಲ್ಲರಿಗಿಂತ ಜಾಸ್ತಿ ಎಚ್ ಇರುವುದು ಅವರಲ್ಲೇ.

ಬಾಂಬೆ ಗ್ರೂಪಿನವರಲ್ಲಿ ಈ ಎಚ್ ಕೂಡ ಇಲ್ಲ. ಎಚ್ ಮಾಡುವ ಜೀನ್ ಅಪ್ಪನಿಂದಲೂ ಅಮ್ಮನಿಂದಲೂ ಕೆಟ್ಟ ರೂಪದಲ್ಲೇ ಬಂದಿರುತ್ತದೆ. ಎಚ್ ಇಲ್ಲದ ಮೇಲೆ ಎ, ಬಿ ಕೂರಲು ಜಾಗವೇ ಇಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಓ ಅಂತ ಬರುತ್ತದೆ. ಅಪಾಯ ಇರುವುದು ಇಲ್ಲೇ. ತನ್ನಲ್ಲಿ ಇಲ್ಲದ್ದನ್ನು ದೇಹ ಹೊರಗಿನದು ಅಂತ ತಿಳಿಯುತ್ತದೆ. ಇವರ ರಕ್ತದಲ್ಲಿ ಎಚ್ ವಿರುದ್ಧ ಪ್ರತಿಕಾಯ (ಹೊರಗಿನದರ ಮೇಲೆ ದಾಳಿ ಮಾಡುವ ಪ್ರೋಟೀನ್) ಇರುತ್ತದೆ, ಅದೂ ಬಲವಾಗಿ. ಇಂಥವರಿಗೆ ಓ ರಕ್ತ ಏರಿಸಿದರೆ ಬಂದ ರಕ್ತಕಣಗಳೆಲ್ಲ ಒಡೆಯಲು ಶುರುವಾಗುತ್ತವೆ. ಕಿಡ್ನಿ ಹೋಗಬಹುದು, ಜೀವವೂ ಹೋಗಬಹುದು. ಇವರಿಗೆ ಇನ್ನೊಬ್ಬ ಬಾಂಬೆ ಗ್ರೂಪಿನವರ ರಕ್ತ ಮಾತ್ರ ಆಗುತ್ತದೆ.

ಭಾರತದಲ್ಲಿ ಸುಮಾರು 10 ಸಾವಿರ ಜನರಲ್ಲಿ ಒಬ್ಬರು ಹೀಗಿದ್ದಾರೆ ಅಂತ ಲೆಕ್ಕ. ಯುರೋಪಿನಲ್ಲಿ ಇದು 10 ಲಕ್ಷಕ್ಕೆ ಒಬ್ಬರು. ಮಹಾರಾಷ್ಟ್ರದಲ್ಲಿ ಜಾಸ್ತಿ ಕಂಡಿದ್ದಾರೆ, ನಮ್ಮ ಕರ್ನಾಟಕದಲ್ಲೂ ಇದ್ದಾರೆ. ಹಾಗಾದರೆ ಇದು ನಮ್ಮ ವಿಷಯ, ಅಲ್ವಾ?

ಹುಬ್ಬಳ್ಳಿ ಲ್ಯಾಬ್ ಮೇಷ್ಟ್ರು

ಒಳ್ಳೆಯ ಚರ್ಚೆ ಶುರು ಮಾಡಿದ್ದೀರಿ ಸರ್. ನಾನು ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಹುಡುಗರಿಗೆ ಪಾಠ ಮಾಡುತ್ತೇನೆ. ಬಾಂಬೆ ಗ್ರೂಪ್ ತಪ್ಪಿಹೋಗುವುದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಾಲೆ ಕಾಲೇಜಿನ ಕ್ಯಾಂಪಿನಲ್ಲಿ ನೋಡಿರುತ್ತೀರಿ. ಬೆರಳು ಚುಚ್ಚಿ ಗಾಜಿನ ಸ್ಲೈಡ್ ಮೇಲೆ ಮೂರು ಹನಿ ರಕ್ತ ಇಡುತ್ತಾರೆ. ಒಂದಕ್ಕೆ ನೀಲಿ ದ್ರವ, ಒಂದಕ್ಕೆ ಹಳದಿ, ಇನ್ನೊಂದಕ್ಕೆ ಬಣ್ಣ ಇಲ್ಲದ್ದು. ನೀಲಿ ಅಂದರೆ ಆ್ಯಂಟಿ-ಎ. ಹಳದಿ ಅಂದರೆ ಆ್ಯಂಟಿ-ಬಿ. ಮೂರನೆಯದು ಆ್ಯಂಟಿ-ಡಿ, ಪಾಸಿಟಿವ್ ನೆಗೆಟಿವ್ ಹೇಳುವುದು ಅದು. ಕಡ್ಡಿಯಿಂದ ಕಲಸಿ ಸ್ಲೈಡನ್ನು ಮೆಲ್ಲಗೆ ಆಡಿಸಬೇಕು. ಗ್ರೂಪ್ ಕೂಡಿಬಂದ ಕಡೆ ರಕ್ತ ಒಡೆದ ಹಾಲಿನ ಹಾಗೆ ಗಂಟು ಗಂಟಾಗುತ್ತದೆ. ಉಳಿದ ಕಡೆ ನಯವಾಗಿಯೇ ಇರುತ್ತದೆ. ನೀಲಿ, ಹಳದಿ ಎರಡರಲ್ಲೂ ಗಂಟಾಗದಿದ್ದರೆ ಓ ಅಂತ ಬರೆದು ಕೊಡುತ್ತಾರೆ. ಬಾಂಬೆ ಗ್ರೂಪಿನವರ ರಕ್ತದಲ್ಲೂ ಗಂಟಾಗುವುದಿಲ್ಲ. ಅಲ್ಲಿಗೆ ಕಾರ್ಡು ಸಿದ್ಧ.

ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಅಲ್ಲಿ ರಿವರ್ಸ್ ಗ್ರೂಪಿಂಗ್ ಅಂತ ಇನ್ನೊಂದು ಪರೀಕ್ಷೆ ಇದೆ. ಮೊದಲಿನದರಲ್ಲಿ ನಿಮ್ಮ ರಕ್ತಕಣ ನೋಡಿದೆವು. ಇದರಲ್ಲಿ ನಿಮ್ಮ ಸೀರಂ, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿ ದ್ರವ, ತಗೊಂಡು, ಗ್ರೂಪ್ ಗೊತ್ತಿರುವ ಎ ಕಣ, ಬಿ ಕಣ, ಓ ಕಣಗಳ ಜೊತೆ ಸೇರಿಸಿ ನೋಡುತ್ತೇವೆ. ನಿಜವಾದ ಓ ಗ್ರೂಪಿನವರ ಸೀರಂ, ಎ ಮತ್ತು ಬಿ ಕಣಗಳನ್ನು ಗಂಟು ಮಾಡುತ್ತದೆ, ಓ ಕಣವನ್ನು ಮುಟ್ಟುವುದಿಲ್ಲ. ಬಾಂಬೆ ಗ್ರೂಪಿನವರ ಸೀರಂ ಓ ಕಣವನ್ನೂ ಬಿಡುವುದಿಲ್ಲ. ಓ ಕಣದ ಟ್ಯೂಬಿನಲ್ಲಿ ಗಂಟು ಕಂಡಾಗ ನಮ್ಮ ಕಿವಿ ನೆಟ್ಟಗಾಗಬೇಕು. ಆಮೇಲೆ ರಕ್ತಕಣದಲ್ಲಿ ಎಚ್ ಇದೆಯಾ ಅಂತ ತೋರಿಸುವ ಆ್ಯಂಟಿ-ಎಚ್ ಹಾಕಿ ಖಾತ್ರಿ ಮಾಡುತ್ತೇವೆ.

ಓ ಕಣದ ಟ್ಯೂಬ್ ಇಡುವುದನ್ನು ಯಾವತ್ತೂ ಬಿಡಬೇಡಿ ಅಂತ ನನ್ನ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ. ಎ, ಬಿ ಕಣಗಳ ಟ್ಯೂಬ್ ಮಾತ್ರ ಇಟ್ಟರೆ ಓ ಮತ್ತು ಬಾಂಬೆ ಎರಡೂ ಒಂದೇ ತರಹ ಕಾಣುತ್ತವೆ.

ಇನ್ನೊಂದು ಮಾತು. ಹುಟ್ಟಿದ ಮಗುವಿಗೆ ರಿವರ್ಸ್ ಗ್ರೂಪಿಂಗ್ ಮಾಡಿ ಉಪಯೋಗವಿಲ್ಲ. ಮಗು ತನ್ನದೇ ಪ್ರತಿಕಾಯ ಮಾಡಲು ಕೆಲವು ತಿಂಗಳು ಬೇಕು. ಆಗ ಸೀರಂನಲ್ಲಿ ಇರುವುದು ತಾಯಿಯಿಂದ ಬಂದದ್ದು. ಅದಕ್ಕೇ ಹುಟ್ಟಿದಾಗ ಬರೆದುಕೊಟ್ಟ ಗ್ರೂಪನ್ನು ಮಗು ದೊಡ್ಡದಾದ ಮೇಲೆ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು.

ಶಿರಸಿ ಅಕ್ಕ

ಇದನ್ನು ಓದಿ ನಮ್ಮ ಮನೆಯಲ್ಲೇ ನಡೆದದ್ದು ನೆನಪಾಯಿತು. ನಮ್ಮ ನಾದಿನಿಯ ಹೆರಿಗೆ ಸಮಯ. ಕಾರ್ಡಿನಲ್ಲಿ ಓ ಪಾಸಿಟಿವ್ ಅಂತಿತ್ತು. ಓ ಪಾಸಿಟಿವ್ ತಾನೇ, ಎಲ್ಲಾದರೂ ಸಿಗುತ್ತದೆ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು. ರಕ್ತ ಬೇಕಾಗಬಹುದು ಅಂದಾಗ ನಮ್ಮ ಹುಡುಗರೇ ನಾಲ್ಕು ಜನ ಹೋಗಿ ನಿಂತರು. ಒಬ್ಬರದ್ದೂ ಕ್ರಾಸ್ ಮ್ಯಾಚ್ (ಕೊಡುವವರ, ಪಡೆಯುವವರ ರಕ್ತ ಸೇರಿಸಿ ನೋಡುವ ಪರೀಕ್ಷೆ) ಆಗಲಿಲ್ಲ. ಫ್ರಿಜ್ಜಿನಲ್ಲಿದ್ದ ಬ್ಯಾಗುಗಳೂ ಆಗಲಿಲ್ಲ. ರಾತ್ರಿ ಪಾಳಿಯಲ್ಲಿದ್ದ ಟೆಕ್ನಿಷಿಯನ್ ಹುಡುಗಿಯೇ ಇದು ಬಾಂಬೆ ಇರಬಹುದು ಅಂತ ಮೊದಲು ಹೇಳಿದಳು. ಪುಣ್ಯಕ್ಕೆ ರಕ್ತ ಏರಿಸುವ ಹಾಗೆ ಆಗಲಿಲ್ಲ, ಹೆರಿಗೆ ಸಲೀಸಾಗಿ ಆಯಿತು.

ಅದಕ್ಕಿಂತ ಮೊದಲು ಅವಳ ಗ್ರೂಪ್ ನೋಡಿದ್ದ ಲ್ಯಾಬುಗಳಲ್ಲಿ ಯಾರೂ ಸ್ಲೈಡ್ ಬಿಟ್ಟು ಮುಂದೆ ಹೋಗಿರಲಿಲ್ಲ.

ನನ್ನ ಪ್ರಶ್ನೆ ಬೇರೆ ಇದೆ. ಅವಳ ಗಂಡನದು ಓ. ಅವಳದ್ದೂ ಕಾರ್ಡಿನಲ್ಲಿ ಓ. ಮಗು ಎ ಪಾಸಿಟಿವ್. ಊರಿನಲ್ಲಿ ಇದರ ಬಗ್ಗೆ ಯಾರು ಏನೇನು ಮಾತಾಡಿದರು ಅಂತ ಇಲ್ಲಿ ಬರೆಯಲು ಮನಸ್ಸು ಬರುತ್ತಿಲ್ಲ. ಇದು ಹೇಗೆ ಅಂತ ಯಾರಾದರೂ ತಿಳಿಯುವ ಹಾಗೆ ಹೇಳಿ. ಅದನ್ನು ಅವರ ಮನೆಯವರಿಗೆ ತೋರಿಸಬೇಕು.

ಹುಬ್ಬಳ್ಳಿ ಲ್ಯಾಬ್ ಮೇಷ್ಟ್ರು

ಅಕ್ಕಾ, ಇದನ್ನು ಹಾಗೇ ತೋರಿಸಿ.

ಎ, ಬಿ, ಓ ಹೇಳುವ ಜೀನ್ ಇರುವುದು 9ನೇ ಕ್ರೋಮೋಸೋಮಿನಲ್ಲಿ. ಎಚ್ ಮಾಡುವ ಜೀನ್ ಇರುವುದು 19ನೇ ಕ್ರೋಮೋಸೋಮಿನಲ್ಲಿ. ಎರಡೂ ಬೇರೆ ಬೇರೆ. ನಿಮ್ಮ ನಾದಿನಿಗೆ ಎ ಜೀನ್ ಸರಿಯಾಗಿಯೇ ಇದೆ. ಎಚ್ ಇಲ್ಲದ್ದರಿಂದ ಅದು ಅವರ ರಕ್ತಕಣದ ಮೇಲೆ ಕಾಣಿಸಿಕೊಂಡಿಲ್ಲ, ಅಷ್ಟೇ. ಆ ಎ ಜೀನ್ ಮಗುವಿಗೆ ಹೋಗಿದೆ. ಮಗುವಿಗೆ ಅಪ್ಪನಿಂದ ಒಳ್ಳೆಯ ಎಚ್ ಜೀನ್ ಸಿಕ್ಕಿದೆ. ಎಚ್ ಇದ್ದ ಮೇಲೆ ಎ ತಾನಾಗಿ ಕಾಣಿಸಿಕೊಂಡಿತು. ತಾಯಿಯಲ್ಲಿ ಅಡಗಿದ್ದ ಎ ಮಗುವಿನಲ್ಲಿ ಹೊರಗೆ ಬಂತು.

ಬ್ಲಡ್ ಗ್ರೂಪ್ ಕಾರ್ಡು ನೋಡಿ ಮಗು ಯಾರದ್ದು ಅಂತ ತೀರ್ಮಾನ ಮಾಡುವುದು ದೊಡ್ಡ ಅನ್ಯಾಯ. ಬಾಂಬೆ ಒಂದೇ ಅಲ್ಲ, ಇಂಥ ಅಪರೂಪದ ಕಾರಣಗಳು ಇನ್ನೂ ಇವೆ. ಸಿಸ್-ಎಬಿ ಅನ್ನುವುದರಲ್ಲಿ ಎ, ಬಿ ಎರಡೂ ಒಂದೇ ಜೀನಿನಲ್ಲಿ ಕೂತಿರುತ್ತವೆ. ಆಗ ಎಬಿ ತಾಯಿಗೆ ಓ ಮಗು ಹುಟ್ಟಬಹುದು, ಸಾಮಾನ್ಯ ಲೆಕ್ಕದಲ್ಲಿ ಅದು ಆಗುವಂಥದ್ದಲ್ಲ. ಇನ್ನು ಎಷ್ಟೋ ಸಲ ಹಳೆಯ ಕಾರ್ಡಿನಲ್ಲಿ ಬರೆದದ್ದೇ ತಪ್ಪಾಗಿರುತ್ತದೆ.

ನಾದಿನಿಯ ಅಣ್ಣ ತಮ್ಮ, ಅಕ್ಕ ತಂಗಿಯರನ್ನು ತಪ್ಪದೆ ಪರೀಕ್ಷೆ ಮಾಡಿಸಿ. ಒಡಹುಟ್ಟಿದವರಲ್ಲಿ ಬಾಂಬೆ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವರಿಗೆ ರಕ್ತ ಬೇಕಾದಾಗ ಮೊದಲು ಹುಡುಕಬೇಕಾದ್ದು ಅಲ್ಲೇ. ಸೋದರಮಾವ, ಸೋದರತ್ತೆ ಮಕ್ಕಳ ಮದುವೆ ಇರುವ ಮನೆತನದಲ್ಲಿ ಇದು ಕಾಣುವುದು ಜಾಸ್ತಿ. ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಸೇರುವುದು ಅಲ್ಲಿ ಸುಲಭ.

ಶಿರಸಿ ಅಕ್ಕ

ತುಂಬಾ ಉಪಕಾರ ಆಯಿತು ಮೇಷ್ಟ್ರೇ. ಅವಳ ಅಪ್ಪ ಅಮ್ಮ ಸೋದರ ಸಂಬಂಧದಲ್ಲೇ ಮದುವೆಯಾದವರು. ಇಬ್ಬರು ತಮ್ಮಂದಿರಿದ್ದಾರೆ. ಇವತ್ತೇ ಫೋನ್ ಮಾಡುತ್ತೇನೆ.

ಕೋಲಾರದವನು

ನಮ್ಮ ಜಿಲ್ಲೆಯ ಸುದ್ದಿ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಜಗತ್ತಿನಲ್ಲಿ ಎಲ್ಲೂ ಕಾಣದ ರಕ್ತ ಸಿಕ್ಕಿದ್ದು ಕೋಲಾರದ ಒಬ್ಬ ಮಹಿಳೆಯಲ್ಲಿ. ಹೃದಯದ ಆಪರೇಷನ್‌ಗೆ ಅಂತ ಕೋಲಾರದ ಆಸ್ಪತ್ರೆಗೆ ಸೇರಿದ್ದರು. ಅವರದ್ದು ಓ ಪಾಸಿಟಿವ್. ಆದರೆ ಇದ್ದ ಓ ಪಾಸಿಟಿವ್ ಒಂದೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ಬ್ಲಡ್ ಸೆಂಟರಿಗೆ ಸ್ಯಾಂಪಲ್ ಹೋಯಿತು. ಅಲ್ಲಿ ಯಾರ ರಕ್ತಕಣದ ಜೊತೆ ಇಟ್ಟರೂ ಅವರ ರಕ್ತ ತಿರುಗಿಬೀಳುತ್ತಿತ್ತು. ಅವರ ಮನೆಯವರಲ್ಲೇ 20 ಜನರ ಸ್ಯಾಂಪಲ್ ನೋಡಿದರು, ಒಬ್ಬರದ್ದೂ ಹೊಂದಲಿಲ್ಲ. ಡಾಕ್ಟರುಗಳು ರಕ್ತ ಏರಿಸದೆಯೇ ಆಪರೇಷನ್ ಮುಗಿಸಿದರು. ಅದು ಸಣ್ಣ ಕೆಲಸ ಅಲ್ಲ.

ಆಮೇಲೆ ಸ್ಯಾಂಪಲ್ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು. ಸುಮಾರು 10 ತಿಂಗಳ ಸಂಶೋಧನೆ. ಕ್ರೋಮರ್ ಅನ್ನುವ ಗುಂಪಿನ ಹೊಸ ಆ್ಯಂಟಿಜನ್ ಒಂದು, ಅಂದರೆ ಉಳಿದವರ ರಕ್ತಕಣದ ಮೇಲಿರುವ ಒಂದು ಗುರುತು, ಇವರಲ್ಲಿ ಇಲ್ಲ ಅಂತ ಗೊತ್ತಾಯಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಹೆಸರು ಘೋಷಣೆ ಮಾಡಿದರು. ಕ್ರಿಬ್ ಅಂತ ಹೆಸರು. ಕ್ರೋಮರ್, ಇಂಡಿಯಾ, ಬೆಂಗಳೂರು ಮೂರೂ ಅದರಲ್ಲಿ ಸೇರಿವೆ.

ತುಮಕೂರು ಡೋನರ್

ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ಬಾಂಬೆ ಗ್ರೂಪಿಗೂ ಇದಕ್ಕೂ ವ್ಯತ್ಯಾಸ ಇದೆ, ಓದುವವರು ಗಮನಿಸಬೇಕು. ಬಾಂಬೆ ಸಮಸ್ಯೆ ಎಚ್ ಸಕ್ಕರೆಯದು. ಕ್ರಿಬ್ ಇರುವುದು ರಕ್ತಕಣದ ಮೇಲಿನ ಬೇರೊಂದು ಪ್ರೋಟೀನಿನಲ್ಲಿ. ನಾವು ಬ್ಲಡ್ ಗ್ರೂಪ್ ಅಂದರೆ ಎಬಿಓ ಮತ್ತು ಆರ್‌ಎಚ್ (ಪಾಸಿಟಿವ್ ನೆಗೆಟಿವ್) ಎರಡನ್ನೇ ಹೇಳುತ್ತೇವೆ. ವಿಜ್ಞಾನಿಗಳು ಈಗಾಗಲೇ 45ಕ್ಕೂ ಹೆಚ್ಚು ಪದ್ಧತಿಗಳನ್ನು ಪಟ್ಟಿ ಮಾಡಿದ್ದಾರೆ. ಡಫಿ, ಕೆಲ್, ಕಿಡ್, ಹೀಗೆ. ನಮ್ಮ ಕಾರ್ಡಿನಲ್ಲಿ ಬರೆದಿರುವುದು ಅದರಲ್ಲಿ ಎರಡು ಸಾಲು ಮಾತ್ರ.

ಇವತ್ತಿಗೂ ಪ್ರತಿ ಬ್ಯಾಗಿಗೂ ಕ್ರಾಸ್ ಮ್ಯಾಚ್ ಮಾಡುವುದು ಇದಕ್ಕೇ. ಬ್ಲಡ್ ಬ್ಯಾಂಕಿನಲ್ಲಿ ಕಾಯಿಸುತ್ತಾರೆ ಅಂತ ಜಗಳ ಮಾಡುವವರನ್ನು ನಾನು ನೋಡಿದ್ದೇನೆ. ಸಂಕಟದಲ್ಲಿರುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಒಳಗೆ ನಡೆಯುತ್ತಿರುವುದು ನಿಮ್ಮವರ ಜೀವ ಕಾಯುವ ಕೆಲಸವೇ.

ಮದುಮಗಳ ಅಣ್ಣ

ತಂಗಿಗೆ ಸಂಬಂಧ ನೋಡುತ್ತಿದ್ದೇವೆ. ಜಾತಕ ಕೂಡಿತು. ಹುಡುಗನದೂ ಬಿ ಪಾಸಿಟಿವ್, ತಂಗಿಯದೂ ಬಿ ಪಾಸಿಟಿವ್. ಒಂದೇ ಗ್ರೂಪ್ ಬೇಡ ಅಂತ ದೊಡ್ಡಪ್ಪ ಹಟ ಹಿಡಿದಿದ್ದಾರೆ. ಏನು ಮಾಡಲಿ?

ತುಮಕೂರು ಡೋನರ್

ಶಿಬಿರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಎದುರಾಗುವ ಪ್ರಶ್ನೆ ಇದೇ. ಒಂದೇ ಗ್ರೂಪ್ ಆದರೆ ಏನೂ ತೊಂದರೆ ಇಲ್ಲ. ನಮ್ಮ ದೇಶದಲ್ಲಿ ಓ ಮತ್ತು ಬಿ ಗ್ರೂಪಿನವರೇ ಜಾಸ್ತಿ. ಯುರೋಪಿನಲ್ಲಿ ಬಿ ಸುಮಾರು ನೂರಕ್ಕೆ 10 ಜನರಲ್ಲಿದ್ದರೆ ನಮ್ಮಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಬ್ಬರು ಬಿ. ಒಂದೇ ಗ್ರೂಪ್ ಬೇಡ ಅಂದರೆ ನಮ್ಮಲ್ಲಿ ಎಷ್ಟು ಮದುವೆಗಳು ನಿಲ್ಲಬೇಕು ಯೋಚಿಸಿ. ದೊಡ್ಡಪ್ಪನವರಿಗೆ ನಿಧಾನವಾಗಿ ತಿಳಿಸಿ ಹೇಳಿ. ಅವರು ಹುಡುಗಿಯ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ.

ನೋಡಬೇಕಾದ್ದು ಒಂದೇ. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆಗಿದ್ದಾರಾ? ಹಾಗಿದ್ದರೂ ಮದುವೆ ನಿಲ್ಲಿಸಬೇಕಾಗಿಲ್ಲ, ಡಾಕ್ಟರಿಗೆ ಮೊದಲೇ ಹೇಳಿರಬೇಕು ಅಷ್ಟೇ. ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಇದ್ದರೆ ಹೆರಿಗೆಯಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುಂದಿನ ಮಗು ಪಾಸಿಟಿವ್ ಆದರೆ ಆ ಪ್ರತಿಕಾಯ ಮಗುವಿನ ರಕ್ತಕಣ ಒಡೆಯುತ್ತದೆ. ಹಿಂದೆ ಹೀಗೆ ಎಷ್ಟೋ ಮಕ್ಕಳು ಹೋಗಿಬಿಡುತ್ತಿದ್ದವು.

1960ರ ದಶಕದ ಕೊನೆಯಲ್ಲಿ ಇದನ್ನು ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ ಬಂತು. ತಾಯಿಗೆ ಬಸಿರಿನ 28ನೇ ವಾರದ ಸುಮಾರಿಗೆ ಒಮ್ಮೆ, ಪಾಸಿಟಿವ್ ಮಗು ಹುಟ್ಟಿದರೆ 72 ಗಂಟೆಯೊಳಗೆ ಇನ್ನೊಮ್ಮೆ ಕೊಡುತ್ತಾರೆ. ಗರ್ಭಪಾತ ಆದಾಗಲೂ ಡಾಕ್ಟರನ್ನು ಕೇಳಲೇಬೇಕು. ಇದನ್ನು ಮರೆಯುವವರು ಜಾಸ್ತಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಸಿಡ್ನಿ ಕನ್ನಡತಿ

ಈ ಇಂಜೆಕ್ಷನ್ ಬಗ್ಗೆ ಮಾತು ಬಂದಾಗ ಇಲ್ಲಿನ ಜೇಮ್ಸ್ ಹ್ಯಾರಿಸನ್ ಅವರನ್ನು ನೆನೆಯದೆ ಇರಲು ಆಗುವುದಿಲ್ಲ. 14ನೇ ವಯಸ್ಸಿನಲ್ಲಿ ಅವರಿಗೆ ಎದೆಯ ದೊಡ್ಡ ಆಪರೇಷನ್ ಆಗಿತ್ತು. ಯಾರ್ಯಾರೋ ಕೊಟ್ಟ ರಕ್ತದಿಂದ ಬದುಕಿದರು. 18 ತುಂಬಿದ ಮೇಲೆ ನಾನೂ ಕೊಡುತ್ತೇನೆ ಅಂದುಕೊಂಡರು, ಕೊಟ್ಟರು. ಆಮೇಲೆ ಗೊತ್ತಾಯಿತು, ಅವರ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗ) ಈ ಆ್ಯಂಟಿ-ಡಿ ಪ್ರತಿಕಾಯ ಬಲವಾಗಿ ಇದೆ ಅಂತ. 81ನೇ ವಯಸ್ಸಿನವರೆಗೆ 1,173 ಸಲ ಕೊಟ್ಟರು. ಅವರ ಪ್ಲಾಸ್ಮಾದಿಂದ ಮಾಡಿದ ಔಷಧಿ ಸುಮಾರು 24 ಲಕ್ಷ ಮಕ್ಕಳನ್ನು ಕಾಯಿತು ಅಂತ ಇಲ್ಲಿನ ಅಂದಾಜು. ಸೂಜಿ ಚುಚ್ಚುವಾಗ ಕಡೆಯವರೆಗೂ ಆ ಕಡೆ ಮುಖ ತಿರುಗಿಸುತ್ತಿದ್ದರಂತೆ! 2025ರ ಫೆಬ್ರವರಿಯಲ್ಲಿ 88ನೇ ವಯಸ್ಸಿನಲ್ಲಿ ತೀರಿಕೊಂಡರು. ನಾನೂ ನೆಗೆಟಿವ್. ನನ್ನ ಎರಡೂ ಹೆರಿಗೆಯಲ್ಲಿ ಈ ಇಂಜೆಕ್ಷನ್ ತಗೊಂಡಿದ್ದೇನೆ.

ಡಯೆಟ್ ಮಾಡುತ್ತಿರುವವಳು

ನಮ್ಮ ಜಿಮ್ಮಿನಲ್ಲಿ ಬ್ಲಡ್ ಗ್ರೂಪ್ ಪ್ರಕಾರ ಊಟದ ಚಾರ್ಟ್ ಕೊಟ್ಟಿದ್ದಾರೆ. ನಾನು ಓ. ಮಾಂಸ ಜಾಸ್ತಿ ತಿನ್ನು, ಗೋಧಿ, ಕಾಳು ಬಿಡು ಅಂತ ಇದೆ. ಕಾಳಿನಲ್ಲಿರುವ ಲೆಕ್ಟಿನ್ ಅನ್ನುವ ಪ್ರೋಟೀನ್ ನಮ್ಮ ರಕ್ತವನ್ನು ಗಂಟು ಮಾಡುತ್ತದೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಹುರಳಿ ಸಾರು ಇರಲೇಬೇಕು. ಅಮ್ಮನಿಗೆ ಹೇಳಿದರೆ ಬೈಯುತ್ತಾರೆ. ಹುರಳಿ ಬಿಡಬೇಕಾ?

ಹುಬ್ಬಳ್ಳಿ ಲ್ಯಾಬ್ ಮೇಷ್ಟ್ರು

ಹುರಳಿ ಅಂತ ಬರೆದಿದ್ದು ಓದಿ ನನಗೆ ಖುಷಿಯಾಯಿತು. ಯಾಕೆಂದರೆ ಹುರಳಿ ನಮ್ಮ ಬ್ಲಡ್ ಬ್ಯಾಂಕಿನಲ್ಲೂ ಇದೆ ಮೇಡಂ!

1951ರಲ್ಲಿ ಜಿ.ಡಬ್ಲ್ಯೂ.ಜಿ. ಬರ್ಡ್ ಅನ್ನುವ ವಿಜ್ಞಾನಿ ಹುರಳಿ ಕಾಳಿನ ರಸ ಎ ಗ್ರೂಪಿನ ರಕ್ತಕಣವನ್ನು ಗಂಟು ಮಾಡುತ್ತದೆ ಅಂತ ತೋರಿಸಿದರು. ಅದನ್ನು ಪ್ರಕಟಿಸಿದ್ದು ನಮ್ಮ ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆ. ಎ ಗ್ರೂಪಿನಲ್ಲೇ ಎ1, ಎ2 ಅಂತ ಒಳಭಾಗಗಳಿವೆ. ಅವನ್ನು ಬೇರೆ ಮಾಡಲು ಇವತ್ತಿಗೂ ಜಗತ್ತಿನ ಲ್ಯಾಬುಗಳು ಹುರಳಿಯಿಂದ ತೆಗೆದ ಲೆಕ್ಟಿನ್ ಬಳಸುತ್ತವೆ. ಮೇಲೆ ಹೇಳಿದ ಆ್ಯಂಟಿ-ಎಚ್ ಇದೆಯಲ್ಲ, ಅದೂ ಯುರೋಪಿನ ಒಂದು ಮುಳ್ಳು ಗಿಡದ ಬೀಜದಿಂದ ಬರುತ್ತದೆ.

ಹಾಗಾದರೆ ಹುರಳಿ ಸಾರು ಉಂಡ ಎ ಗ್ರೂಪಿನವರ ರಕ್ತ ಗಂಟಾಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಟ್ಯೂಬಿನಲ್ಲಿ ಹಾಕುವುದು ಹಸಿ ಕಾಳಿನ ರಸ, ನೇರವಾಗಿ ರಕ್ತಕಣದ ಮೇಲೆ. ಮನೆಯಲ್ಲಿ ಕಾಳನ್ನು ನೆನೆಸುತ್ತೀರಿ, ಚೆನ್ನಾಗಿ ಬೇಯಿಸುತ್ತೀರಿ. ಅಷ್ಟಕ್ಕೆ ಲೆಕ್ಟಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ತಲೆತಲಾಂತರದಿಂದ ಎಲ್ಲಾ ಗ್ರೂಪಿನವರೂ ಹುರಳಿ ತಿಂದೇ ಬಂದಿದ್ದಾರೆ. ಅಮ್ಮ ಮಾಡಿದ ಸಾರು ಧಾರಾಳವಾಗಿ ಊಟ ಮಾಡಿ.

ತುಮಕೂರು ಡೋನರ್

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಈ ಡಯೆಟ್ ಹಬ್ಬಿದ್ದು 1996ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕದಿಂದ. ಓ ಅಂದರೆ ಬೇಟೆಯವರ ರಕ್ತ, ಎ ಅಂದರೆ ಬೇಸಾಯ ಬಂದ ಮೇಲಿನದು, ಬಿ ಅಂದರೆ ದನ ಕುರಿ ಕಾಯುವವರದು ಅಂತ ಅದರ ಕಥೆ. ಆದರೆ ಎ, ಬಿ ಭೇದ ಗಿಬ್ಬನ್ ಅನ್ನುವ ವಾನರಗಳಲ್ಲೂ ಇದೆ. ಕನಿಷ್ಠ 2 ಕೋಟಿ ವರ್ಷ ಹಳೆಯದು ಅಂತ ಜೀನ್ ಅಧ್ಯಯನ ಹೇಳುತ್ತದೆ. ಬೇಸಾಯ ಬಂದು ಎಷ್ಟು ವರ್ಷ ಆಯಿತು? ಸುಮಾರು 10 ಸಾವಿರ.

2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು 1,455 ಜನರನ್ನು ನೋಡಿದರು. ಎ ಗ್ರೂಪಿಗೆ ಹೇಳಿದ ಸೊಪ್ಪು ತರಕಾರಿ ಊಟ ಮಾಡಿದವರ ತೂಕ, ಬಿಪಿ ಚೆನ್ನಾಗಿತ್ತು. ಆದರೆ ಅವರ ಗ್ರೂಪ್ ಯಾವುದಾದರೂ ಫಲ ಅದೇ. ಊಟ ಕೆಲಸ ಮಾಡಿತು, ಗ್ರೂಪಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಯಾರಿಗಾದರೂ ಈ ಚಾರ್ಟಿನಿಂದ ತೂಕ ಇಳಿದಿದ್ದರೆ ಅದಕ್ಕೆ ಕಾರಣ ಇಷ್ಟೇ ಅಂತ ನನ್ನ ನಂಬಿಕೆ.

ನಾಗೋಯಾದಿಂದ

ಜಪಾನಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಬ್ಲಡ್ ಗ್ರೂಪ್ ಕೇಳಿ ಸ್ವಭಾವ ಹೇಳುತ್ತಾರೆ. ಎ ಅಂದರೆ ಶಿಸ್ತಿನವರು, ಬಿ ಅಂದರೆ ಸ್ವಾರ್ಥಿಗಳು, ಓ ಅಂದರೆ ಧಾರಾಳಿಗಳು, ಹೀಗೆ. 1927ರಲ್ಲಿ ಫುರುಕಾವಾ ಅನ್ನುವ ಪ್ರಾಧ್ಯಾಪಕರು ಶುರು ಮಾಡಿದ್ದು, 1970ರ ದಶಕದಲ್ಲಿ ಪುಸ್ತಕಗಳಿಂದ ಮನೆಮನೆಗೂ ಹೋಯಿತು. ಬಿ ಗ್ರೂಪಿನ ಮಕ್ಕಳನ್ನು ಚುಡಾಯಿಸುವುದು, ಕೆಲಸದಲ್ಲಿ ಭೇದ ಮಾಡುವುದೂ ಉಂಟು. 2014ರಲ್ಲಿ ಜಪಾನ್ ಮತ್ತು ಅಮೆರಿಕದ 10 ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ತೂಗಿ ನೋಡಿದಾಗ ಗ್ರೂಪಿಗೂ ಸ್ವಭಾವಕ್ಕೂ ಸಂಬಂಧ ಕಾಣಲಿಲ್ಲ. ನಾನು ಬಿ. ಆಫೀಸಿನಲ್ಲಿ ಇದನ್ನು ಹೇಳಲು ಈಗಲೂ ಹಿಂಜರಿಕೆ ಆಗುತ್ತದೆ.

ರಾಯಚೂರು ರೈತ

ಹಾಗಾದರೆ ಗ್ರೂಪಿಗೂ ಕಾಯಿಲೆಗೂ ಏನೂ ಸಂಬಂಧವೇ ಇಲ್ಲವಾ? ಮಲೇರಿಯಾ ಓ ಗ್ರೂಪಿನವರಿಗೆ ಕಡಿಮೆ ಅಂತ ಕೇಳಿದ್ದೆ.

ತುಮಕೂರು ಡೋನರ್

ಸಂಬಂಧ ಇದೆ ಅಣ್ಣಾ. ನೀವು ಕೇಳಿದ್ದು ಹೆಚ್ಚು ಕಡಿಮೆ ಸರಿ. ಮಲೇರಿಯಾ ಬರುವುದೇ ಇಲ್ಲ ಅಂತಲ್ಲ. ಫಾಲ್ಸಿಪೇರಂ ಅನ್ನುವ ಬಗೆಯ ಮಲೇರಿಯಾ ಪ್ರಾಣಕ್ಕೆ ಬರುವ ಮಟ್ಟಕ್ಕೆ ಹೋಗುವುದು ಓ ಗ್ರೂಪಿನವರಲ್ಲಿ ಕಡಿಮೆ. ರೋಗಾಣು ಹೊಕ್ಕ ರಕ್ತಕಣ ಸುತ್ತಲಿನ ಒಳ್ಳೆಯ ಕಣಗಳನ್ನು ತನಗೆ ಅಂಟಿಸಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವುದು ಹೀಗೆ. ಎ ಮತ್ತು ಬಿ ಸಕ್ಕರೆ ಇದ್ದರೆ ಅಂಟು ಗಟ್ಟಿ, ಓ ಆದರೆ ಸಡಿಲ.

ಕಾಲರಾದಲ್ಲಿ ಇದೇ ಓ ಗ್ರೂಪಿನವರು ನರಳುವುದು ಜಾಸ್ತಿ. ಗಂಗೆಯ ಮುಖಜ ಭೂಮಿಯಲ್ಲಿ, ಅಂದರೆ ಬಂಗಾಳ ಬಾಂಗ್ಲಾದೇಶದ ಕಡೆ, ಕಾಲರಾ ತಲೆಮಾರುಗಳಿಂದ ಇದೆ. ಅಲ್ಲಿ ಓ ಗ್ರೂಪಿನವರ ಪ್ರಮಾಣ ಕಡಿಮೆ. ಎರಡಕ್ಕೂ ನಂಟಿದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಒಂದು ರೋಗದಲ್ಲಿ ಕಾಯುವ ಗ್ರೂಪ್ ಇನ್ನೊಂದರಲ್ಲಿ ಕೈ ಬಿಡುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಆಶ್ಚರ್ಯದ್ದು ಇದೇ. ಹೀಗಾಗಿಯೇ ಇಷ್ಟು ಗ್ರೂಪುಗಳು ಮನುಷ್ಯರಲ್ಲಿ ಉಳಿದುಕೊಂಡು ಬಂದಿರಬಹುದು.

ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್ ಓ ಗ್ರೂಪಿನವರಲ್ಲಿ ಉಳಿದವರಿಗಿಂತ ಕಾಲು ಭಾಗದಷ್ಟು ಕಡಿಮೆ ಇರುತ್ತದೆ. ಹಾಗಾಗಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಓ ಅಲ್ಲದವರಲ್ಲಿ ಸುಮಾರು ಎರಡು ಪಟ್ಟು. ಹೊಟ್ಟೆ ಹುಣ್ಣು ಓ ಗ್ರೂಪಿನವರಲ್ಲಿ ಸ್ವಲ್ಪ ಜಾಸ್ತಿ. ಹೊಟ್ಟೆಯ ಕ್ಯಾನ್ಸರ್ ಎ ಗ್ರೂಪಿನವರಲ್ಲಿ ಸ್ವಲ್ಪ ಜಾಸ್ತಿ ಅಂತ 1953ರಲ್ಲೇ ಇಂಗ್ಲೆಂಡಿನಲ್ಲಿ ಕಂಡುಕೊಂಡರು. ಸೊಳ್ಳೆ ವಿಷಯಕ್ಕೆ ಬಂದರೆ, 2004ರಲ್ಲಿ ಜಪಾನಿನ ಒಂದು ಪ್ರಯೋಗದಲ್ಲಿ ಎ ಗ್ರೂಪಿನವರಿಗಿಂತ ಓ ಗ್ರೂಪಿನವರ ಮೇಲೆ ಸೊಳ್ಳೆ ಹೆಚ್ಚು ಕೂತವು. ಆದರೆ ಸೊಳ್ಳೆಯನ್ನು ಕರೆಯುವುದು ಮುಖ್ಯವಾಗಿ ನಮ್ಮ ಉಸಿರು, ಮೈ ಬಿಸಿ ಮತ್ತು ಬೆವರಿನ ವಾಸನೆ. ಮನೆ ಸುತ್ತ ನೀರು ನಿಂತಿದ್ದರೆ ಎಲ್ಲಾ ಗ್ರೂಪಿನವರಿಗೂ ಕಚ್ಚುತ್ತವೆ.

ಒಂದು ವಿನಂತಿ. ಇವೆಲ್ಲ ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ವ್ಯತ್ಯಾಸ. ನಿಮ್ಮೊಬ್ಬರಿಗೆ ಏನಾಗುತ್ತದೆ ಅಂತ ಇದು ಹೇಳುವುದಿಲ್ಲ. ಬೀಡಿ ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ ಮುಂದೆ ಇದರ ತೂಕ ತೀರಾ ಕಡಿಮೆ. ಓ ಗ್ರೂಪ್ ಅಂತ ಹಾರ್ಟ್ ಚೆಕಪ್ ಬಿಡಬೇಡಿ. ಎ ಗ್ರೂಪ್ ಅಂತ ಕ್ಯಾನ್ಸರ್ ಭಯ ಹಚ್ಚಿಕೊಳ್ಳಬೇಡಿ.

ರಾಯಚೂರು ರೈತ

ಸರಿ, ತಿಳಿಯಿತು. ಇನ್ನೊಂದು ಕೇಳುತ್ತೇನೆ. ಗ್ರೂಪ್ ಯಾವತ್ತಾದರೂ ಬದಲಾಗುತ್ತಾ?

ಹುಬ್ಬಳ್ಳಿ ಲ್ಯಾಬ್ ಮೇಷ್ಟ್ರು

ಮೂಳೆಮಜ್ಜೆ ಕಸಿ ಮಾಡಿಸಿಕೊಂಡವರಿಗೆ ನಿಧಾನವಾಗಿ ಕೊಟ್ಟವರ ಗ್ರೂಪೇ ಬರುತ್ತದೆ. ರಕ್ತ ತಯಾರಾಗುವುದೇ ಆ ಮಜ್ಜೆಯಲ್ಲಿ. ಕೆಲವು ರಕ್ತ ಕ್ಯಾನ್ಸರಿನಲ್ಲಿ ಎ, ಬಿ ಮಸುಕಾಗುವುದುಂಟು, ವಾಸಿಯಾದ ಮೇಲೆ ಮರಳುತ್ತದೆ. ಉಳಿದಂತೆ ಹುಟ್ಟಿನಿಂದ ಕೊನೆಯವರೆಗೆ ಒಂದೇ.

ಶಿರಸಿ ಅಕ್ಕ

ಮತ್ತೆ ಬಂದೆ. ನಾದಿನಿಯ ತಮ್ಮಂದಿರ ಪರೀಕ್ಷೆ ಆಯಿತು. ಚಿಕ್ಕವನದು ಬಾಂಬೆ ಗ್ರೂಪ್ ಅಂತ ಬಂದಿದೆ! ಕಾಲೇಜಿನಲ್ಲಿ ಓದುವ ಹುಡುಗ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟುಬಿಡುತ್ತೇನೆ ಅನ್ನುತ್ತಿದ್ದಾನೆ. ಕೊಡಬಹುದಾ? ಎಲ್ಲಿ ಹೆಸರು ಬರೆಸಬೇಕು?

ತುಮಕೂರು ಡೋನರ್

ಅಕ್ಕಾ, ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಆದರೆ ಅವನನ್ನು ಸ್ವಲ್ಪ ತಡೆಯಿರಿ. ಮಾಮೂಲಿ ಬ್ಯಾಗಿನಲ್ಲಿ ರಕ್ತ ಇಡಲು ಆಗುವುದು 35ರಿಂದ 42 ದಿನ. ಅಷ್ಟರಲ್ಲಿ ಬಾಂಬೆ ಗ್ರೂಪಿನ ರೋಗಿ ಬರದಿದ್ದರೆ ಅದು ವ್ಯರ್ಥವಾಗುತ್ತದೆ. ಅವತ್ತು ಕೊಟ್ಟವನು ಮತ್ತೆ ಮೂರು ತಿಂಗಳು ಕೊಡುವ ಹಾಗಿಲ್ಲ. ಆ ಮೂರು ತಿಂಗಳಲ್ಲೇ ಯಾರಿಗಾದರೂ ಬೇಕಾದರೆ? ಅದಕ್ಕೇ ಅಪರೂಪದ ಗ್ರೂಪಿನವರು ಕರೆ ಬಂದಾಗ ಕೊಡುವುದು ರೂಢಿ.

ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಷನ್, ಮುಂಬೈನ ಥಿಂಕ್ ಫೌಂಡೇಷನ್ ಬಾಂಬೆ ಗ್ರೂಪಿನವರನ್ನು ಜೋಡಿಸುವ ಕೆಲಸ ಮಾಡುತ್ತವೆ. ಮುಂಬೈನಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಅಪರೂಪದ ದಾನಿಗಳ ಪಟ್ಟಿ ಇಟ್ಟಿದೆ. 2017ರಲ್ಲಿ ಮ್ಯಾನ್ಮಾರಿನ ಒಬ್ಬ ಮಹಿಳೆಗೆ ಹೃದಯದ ಆಪರೇಷನ್ ಆಗಬೇಕಿತ್ತು, ಅಲ್ಲಿ ಬಾಂಬೆ ರಕ್ತ ಸಿಗಲಿಲ್ಲ. ನಮ್ಮ ದಾವಣಗೆರೆಯ ಬ್ಲಡ್ ಬ್ಯಾಂಕಿನಲ್ಲಿದ್ದ ಎರಡು ಬ್ಯಾಗ್ ಯಾಂಗೋನ್‌ಗೆ ಹೋದವು.

ಹುಬ್ಬಳ್ಳಿ ಲ್ಯಾಬ್ ಮೇಷ್ಟ್ರು

ಹುಡುಗನಿಗೆ ಇನ್ನೆರಡು ಮಾತು ಹೇಳಿ ಅಕ್ಕಾ. ಗ್ಲಿಸರಾಲ್ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟರೆ ಕೆಂಪು ರಕ್ತಕಣವನ್ನು 10 ವರ್ಷದವರೆಗೂ ಕಾಯ್ದಿಡಬಹುದು. ಆ ಸೌಲಭ್ಯ ಇರುವುದು ಕೆಲವೇ ಕಡೆ. ಕೇಳಿ ನೋಡಬಹುದು.

ಅಕ್ಕ ತಮ್ಮ ಇಬ್ಬರೂ ತಮ್ಮ ಪರ್ಸಿನಲ್ಲಿ 'ಬಾಂಬೆ ಗ್ರೂಪ್, ಓ ರಕ್ತ ಕೊಡಬಾರದು' ಅಂತ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದ ಚೀಟಿ ಇಟ್ಟುಕೊಳ್ಳಲಿ. ಅಪಘಾತದಲ್ಲಿ ಸಮಯ ಇಲ್ಲದಾಗ ಆಸ್ಪತ್ರೆಯವರು ಓ ನೆಗೆಟಿವ್ ಏರಿಸುತ್ತಾರೆ. ಉಳಿದವರಿಗೆ ಅದು ಜೀವ ಉಳಿಸುತ್ತದೆ, ಇವರಿಗೆ ಜೀವ ತೆಗೆಯಬಹುದು. ಹಳೆಯ ಓ ಪಾಸಿಟಿವ್ ಕಾರ್ಡನ್ನು ತೆಗೆದುಹಾಕಲಿ. ಲೈಸೆನ್ಸಿನಲ್ಲಿ, ಕಾಲೇಜಿನ ಐಡಿ ಕಾರ್ಡಿನಲ್ಲಿ ಓ ಅಂತಿದ್ದರೆ ಅದನ್ನೂ ತಿದ್ದಿಸಲಿ. ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸಿದ ಮೇಲೆ ಫೋನ್ ನಂಬರ್ ಬದಲಾದರೆ ಅವರಿಗೆ ತಿಳಿಸಬೇಕು. ಮಧ್ಯರಾತ್ರಿ ಕರೆ ಹೋದಾಗ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಬಂದರೆ ಹುಡುಕಲು ಬೇರೆ ದಾರಿ ಇರುವುದಿಲ್ಲ.

ಶಿರಸಿ ಅಕ್ಕ

ಹಾಗೇ ಮಾಡಿಸುತ್ತೇನೆ. ಚೀಟಿ ಇವತ್ತೇ ಬರೆದು ಲ್ಯಾಮಿನೇಟ್ ಮಾಡಿಸುತ್ತೇವೆ. ನಾದಿನಿಯ ಅಪ್ಪನ ಕಡೆಯ ದಾಯಾದಿಗಳನ್ನೂ ಪರೀಕ್ಷೆ ಮಾಡಿಸಲು ಮಾತಾಡುತ್ತಿದ್ದೇವೆ. ಏನು ಬಂತು ಅಂತ ಇಲ್ಲೇ ಬರೆಯುತ್ತೇನೆ.